ಬೆಚ್ಚ ಉಂಡಾ?

ಅಳಿಯ ಐಂಡ್‌ಹೋವನ್‌ನಿಂದ ಫೋನ್ ಮಾಡಿ, "ಮಾವ, ಒಂದು ಪಟ್ಟಿ ಮಾಡಿಡಿ" ಎಂದ. ಅಳಿಯ ಎಂದರೆ ಅಕ್ಕನ ಮಗ. ಅಳಿಯಸಂತಾನದ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳಿದೆ. ಪಟ್ಟಿ ಎಂದ ಕೂಡಲೇ ನನಗೆ ನೆನಪಾಗುವುದು ಮದುವೆಗೆ ಎರಡು ವಾರ ಇರುವಾಗ ಅಡಿಗೆಯವರು ಕೊಡುವ ಜೀನಸಿನ ಪಟ್ಟಿ. ಇವನು ಕೇಳಿದ್ದು ಅದಲ್ಲ. ಅವನ ಜತೆ ಕೆಲಸ ಮಾಡುವ ಡಚ್ ಗೆಳೆಯನೊಬ್ಬ ಜುಲೈ ರಜೆಯಲ್ಲಿ ಊರಿಗೆ ಬರುತ್ತಾನಂತೆ, ಒಂದು ವಾರ ಇರುತ್ತಾನಂತೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿ ಅವನು ತಿನ್ನಲೇಬೇಕಾದ ಹತ್ತು ಬೀದಿ ತಿಂಡಿಗಳ ಹೆಸರು, ಸಿಗುವ ಜಾಗ ಸಮೇತ ಬೇಕು.

"ನಾನು ಇಲ್ಲಿಗೆ ಬಂದ ಹೊಸತರಲ್ಲಿ ಅವನು ನನಗೆ ಮಾಡಿಕೊಟ್ಟಿದ್ದ. ಈಗ ನಮ್ಮ ಸರದಿ."

ಆ ಡಚ್ ಪಟ್ಟಿಯ ಕಥೆಯನ್ನು ಅಳಿಯ ಅಷ್ಟರಲ್ಲೇ ಹತ್ತು ಸಲ ಹೇಳಿದ್ದ. ಉಪ್ಪಿನಲ್ಲಿ ಹದ ಬಂದ ಹೆರಿಂಗ್ ಮೀನು, ಬೇಯಿಸಿದ್ದಲ್ಲ, ಹುರಿದದ್ದಲ್ಲ. ಈರುಳ್ಳಿ ಚೂರು ಮೆತ್ತಿ ಬಾಲ ಹಿಡಿದೆತ್ತಿ ಆಕಾಶ ನೋಡುತ್ತಾ ಬಾಯಿಗೆ ಇಳಿಸುವುದು. ಬಂಗುಡೆ, ಬೂತಾಯಿ ತಿಂದೇ ಬೆಳೆದ ಅಕ್ಕ ಇದನ್ನು ಕೇಳಿ "ಬೇಯಿಸುವುದೇ ಇಲ್ಲವಾ?" ಎಂದು ಎರಡೆರಡು ಸಲ ವಿಚಾರಿಸಿ, ಮಗ ಕೆಟ್ಟ ಎಂಬಂತೆ ಸುಮ್ಮನೆ ಕೂತಿದ್ದಳು. ಆಮೇಲೆ ಕಾಗದದ ಕೊಟ್ಟೆಯಲ್ಲಿ ಕೊಡುವ ದಪ್ಪ ಆಲೂಗಡ್ಡೆ ಸೀಳು, ಅದರ ತಲೆಯ ಮೇಲೆ ಮಯೊನೀಸ್. ನಮ್ಮ ಗುಳಿಯಪ್ಪದ ಕಾವಲಿಯಂಥದ್ದರಲ್ಲೇ ಹುಯ್ಯುವ ಪೊಫರ್ಚೆಸ್, ಮೇಲೆ ಬೆಣ್ಣೆ, ಸಕ್ಕರೆ ಪುಡಿ. ಗೋಡೆಯಲ್ಲಿ ಸಾಲಾಗಿ ಗಾಜಿನ ಗೂಡುಗಳು. ದುಡ್ಡು ಹಾಕಿದರೆ ಬಾಗಿಲು ತೆರೆಯುತ್ತದೆ, ಒಳಗೆ ಬಿಸಿ ಕ್ರೊಕೆಟ್. ಕೊಡುವವನ ಮುಖವಿಲ್ಲ. ಇದಿಷ್ಟನ್ನೂ ಅವನು ಶನಿವಾರ, ಭಾನುವಾರ ಎರಡೇ ದಿನಗಳಲ್ಲಿ ತಿಂದು ಮುಗಿಸಿದನಂತೆ.

ನಾನು ಶಾಲೆಯ ಹಳೆಯ ನೋಟುಬುಕ್ಕು ಹುಡುಕಿ, ಮೇಲೆ "ಬೀದಿ ತಿಂಡಿ" ಎಂದು ಬರೆದು, ಅಡಿಗೆರೆ ಎಳೆದು ಕೂತೆ. ಅಲ್ಲೇ ತೊಡಕು. ನಮ್ಮ ಮನೆ ಇರುವುದು ಸಿದ್ಧಕಟ್ಟೆಯ ಬದಿಯಲ್ಲಿ. ಮೂರು ಪೇಟೆಗಳಿಗೂ ಹತ್ತಿರವೆಂದು ಹೇಳಿಕೊಳ್ಳಬಹುದು, ಮೂರಕ್ಕೂ ದೂರವೆಂದು ಬೈದುಕೊಳ್ಳಲೂಬಹುದು. ಈ ಕಡೆ ಬೀದಿ ಎಂಬುದೇ ಕಡಿಮೆ. ಬಯಲುಸೀಮೆಯ ಹಾಗೆ ಮನೆಗೆ ಮನೆ ತಾಗಿದ ಕೇರಿ ನಮ್ಮದಲ್ಲ. ಒಂದು ಮನೆ ಗುಡ್ಡದ ಬದಿಯಲ್ಲಿ, ಇನ್ನೊಂದು ಗದ್ದೆಯಾಚೆ, ನಡುವೆ ಅಡಿಕೆ ತೋಟ. ಬೀದಿ ಎಂದು ಹೇಳಬಹುದಾದದ್ದು ಬಂಟ್ವಾಳದ ಹಳೆಪೇಟೆಯಲ್ಲಿ, ನೇತ್ರಾವತಿಯ ದಂಡೆಗುಂಟ ಒಂದಷ್ಟು ದೂರ ಉಂಟು. ಅಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಯಲ್ಲಿ ನಿಂತು ತಿಂದರೆ ತಟ್ಟೆಯಲ್ಲಿ ತಿಂಡಿಗಿಂತ ಮಳೆಯೇ ಜಾಸ್ತಿ. 1923ರಲ್ಲಿ, ಮತ್ತೆ 1974ರಲ್ಲಿ ನದಿಯೇ ಪೇಟೆಯೊಳಗೆ ಬಂದಿತ್ತು. ಹಾಗಾಗಿ ನಮ್ಮವರು ತಿನ್ನುವುದು ಮಾಡಿನ ಅಡಿಯಲ್ಲಿ: ಮನೆಯಲ್ಲಿ, ಹೊಟೇಲಿನಲ್ಲಿ, ಇಲ್ಲವೇ ಜಾತ್ರೆಯ ಚಪ್ಪರದಲ್ಲಿ.

ಆದರೂ ಬಿಡಲಿಲ್ಲ, ಹತ್ತು ಹೆಸರು ಬರೆದೆ. ಗೋಳಿಬಜೆ. ಬನ್ಸ್. ಸಜ್ಜಿಗೆ ಬಜಿಲ್. ಕಲ್ಲಡ್ಕದ ಕೆ.ಟಿ. ಮೂಡೆ. ಹಲಸಿನ ಹಣ್ಣಿನ ಗಟ್ಟಿ. ಬಿಸ್ಕುಟ್ ಅಂಬಡೆ. ಪೊಳಲಿ ಜಾತ್ರೆಯ ಬಚ್ಚಂಗಾಯಿ. ಕಂಬಳದ ಗದ್ದೆಯ ಬದಿಯ ನೀರುದೋಸೆ, ಕೋಳಿ ಸುಕ್ಕ. ಚರುಂಬುರಿ. ಹೆಂಡತಿ ಇಣುಕಿ ನೋಡಿ, "ಇದರಲ್ಲಿ ಬಿಸ್ಕುಟ್ ಅಂಬಡೆಯಲ್ಲಿ ಬಿಸ್ಕುಟ್ ಇಲ್ಲ ಅಂತ ಬರೆದು ಹಾಕಿ, ಪಾಪದವ ಹುಡುಕಿಯಾನು" ಎಂದಳು. ಸರಿಯೇ. ಅದು ಕೊಂಕಣಿಗರ ಮನೆಯ ಉದ್ದಿನ ವಡೆ. ತೆಂಗಿನಕಾಯಿ ಚೂರು, ಶುಂಠಿ ಹಾಕಿ ಉಂಡೆಯಾಗಿ ಬಿಡುತ್ತಾರೆ. ಬಿಸ್ಕುಟ್ ರೊಟ್ಟಿಯಲ್ಲಿಯೂ ಬಿಸ್ಕುಟ್ ಇಲ್ಲ. ಬನ್ಸ್ ಎಂಬುದು ಬನ್ನಲ್ಲ, ಬೇಕರಿಯ ಮುಖ ಕಂಡದ್ದೂ ಅಲ್ಲ. ಕಳಿತ ಬಾಳೆಹಣ್ಣು ಕಿವುಚಿ ಮೈದಾಕ್ಕೆ ಕಲಸಿ, ಇಡೀ ರಾತ್ರಿ ಬಿಟ್ಟು, ದಪ್ಪಕ್ಕೆ ಲಟ್ಟಿಸಿ ಎಣ್ಣೆಯಲ್ಲಿ ಉಬ್ಬಿಸಿದ ಸಿಹಿ ಪೂರಿ. ಅದಕ್ಕೆ ಖಾರದ ಚಟ್ನಿ ಏಕೆ ಕೊಡುತ್ತಾರೆಂದು ಹೊರಗಿನವರು ಕೇಳುತ್ತಾರೆ. ನಮಗೆ ಈವರೆಗೆ ಆ ಸಂಶಯ ಬಂದದ್ದಿಲ್ಲ.

ಅಳಿಯನ ಜತೆ ಗೆಳೆಯ ಬಂದ. ಉದ್ದ ಎಂದರೆ ಸಾಮಾನ್ಯ ಉದ್ದವಲ್ಲ. ಚಾವಡಿಯ ಅಡ್ಡೆಗೆ ಮೊದಲ ದಿನವೇ ಎರಡು ಸಲ ಹಣೆ ಬಡಿದುಕೊಂಡ. ಅಮ್ಮ ಅವನಿಗೆ ಆ ಕ್ಷಣದಿಂದ "ಉದ್ದಣ್ಣ" ಎಂದು ಹೆಸರಿಟ್ಟಳು. ಉದ್ದಣ್ಣ ತಂದದ್ದು ಸ್ಟ್ರೋಪ್‌ವಾಫೆಲ್ ಎಂಬ ಬಿಲ್ಲೆಯ ಪೊಟ್ಟಣ: ಎರಡು ತೆಳುವಾದ ರೊಟ್ಟಿಗಳ ನಡುವೆ ಬೆಲ್ಲದ ಪಾಕದಂಥ ಅಂಟು. ಅದನ್ನು ಬಿಸಿ ಕಾಫಿಯ ಕಪ್ಪಿನ ಬಾಯಿಗೆ ಮುಚ್ಚಳದ ಹಾಗೆ ಇಟ್ಟರೆ ಹಬೆಗೆ ಪಾಕ ಮೆತ್ತಗಾಗುತ್ತದೆ, ಆಗ ತಿನ್ನಬೇಕು. ಅಮ್ಮ ತನ್ನ ಸ್ಟೀಲ್ ಲೋಟದ ಮೇಲೆ ಇಟ್ಟಳು, ಸರಿಯಾಗಿ ಕೂತಿತು. "ಓ, ಹಬೆಯಲ್ಲಿ ಬೇಯಿಸುವುದು" ಎಂದಳು. ಅವಳಿಗೆ ಅಷ್ಟು ಸಾಕಾಯಿತು. ಹಬೆಯಲ್ಲಿ ಬೇಯಿಸುವವರು ಯಾವ ದೇಶದವರಾದರೂ ನಮ್ಮವರೇ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಿ.ಸಿ.ರೋಡಿನ ಒಂದು ಹೊಟೇಲಿನಲ್ಲಿ ಕೂತೆವು. ಪಟ್ಟಿಯ ಒಂದನೇ ನಂಬರ್ ಗೋಳಿಬಜೆ. ನಾನು ಹೇಳಿದೆ. ಮಾಣಿ ನನ್ನನ್ನು ನೋಡಿದ ನೋಟದಲ್ಲಿ ಗೌರವ ಇರಲಿಲ್ಲ.

"ನಾಲ್ಕು ಗಂಟೆಗೆ."

"ಈಗ ಎಂತ ಉಂಟು?"

"ಬನ್ಸ್, ಸಜ್ಜಿಗೆ ಬಜಿಲ್. ಅದೂ ಈಗ ಮುಗಿಯುತ್ತದೆ."

ಅಳಿಯ ಇದನ್ನು ಅನುವಾದ ಮಾಡಿದ. ಉದ್ದಣ್ಣ ಗಡಿಯಾರ ನೋಡಿಕೊಂಡ. ಹಿಟ್ಟು ಕಲಸಿದ್ದಾರೆ, ಎಣ್ಣೆ ಇದೆ, ಬಾಣಲೆ ಇದೆ, ಏಕೆ ಕೊಡುವುದಿಲ್ಲ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ, ನನ್ನಲ್ಲಿ ಉತ್ತರ ಇರಲಿಲ್ಲ. ಹುಟ್ಟಿದಂದಿನಿಂದ ಗೋಳಿಬಜೆ ನಾಲ್ಕು ಗಂಟೆಗೆ. ಬೆಳಿಗ್ಗೆ ಒಂಬತ್ತಕ್ಕೆ ಗೋಳಿಬಜೆ ಕೇಳುವುದೆಂದರೆ ಮಧ್ಯಾಹ್ನ ಹನ್ನೆರಡಕ್ಕೆ ದೀಪ ಹಚ್ಚಿದ ಹಾಗೆ.

ಸಜ್ಜಿಗೆ ಬಜಿಲ್ ಬಂತು. ಬಜಿಲ್ ಎಂದರೆ ತುಳುವಿನಲ್ಲಿ ಅವಲಕ್ಕಿ. ತೆಳು ಅವಲಕ್ಕಿಗೆ ತೆಂಗಿನತುರಿ, ಮೆಣಸು, ಕೊತ್ತಂಬರಿ, ಚೂರು ಬೆಲ್ಲದ ಮಸಾಲೆ ಹಾಕಿ ಕೈಯಲ್ಲಿ ತಿಕ್ಕುತ್ತಾರೆ; ನೀರು ತಾಗಿಸುವುದಿಲ್ಲ, ತೆಂಗಿನಕಾಯಿಯ ಪಸೆಗೇ ಅದು ಮೆದುವಾಗಬೇಕು. ಅದರ ಪಕ್ಕಕ್ಕೆ ಸಜ್ಜಿಗೆ, ಎಂದರೆ ಉಪ್ಪಿಟ್ಟು. ಎರಡನ್ನೂ ಕಲಸಿ ತಿನ್ನುವುದು. ಉಪ್ಪಿಟ್ಟೆಂದರೆ ಮುಖ ತಿರುಗಿಸುವವರೂ ಇದನ್ನು ತಿನ್ನುತ್ತಾರೆ, ಏಕೆಂದರೆ ಇಲ್ಲಿ ಉಪ್ಪಿಟ್ಟಿಗೆ ಮಾತಾಡಲು ಒಬ್ಬರು ಸಿಕ್ಕಿದ್ದಾರೆ. ಕಡ್ಲೆ ಗಸಿ ಸೇರಿದರೆ ಮೂವರಾದರು.

ಅಲ್ಲಿಂದ ಕಲ್ಲಡ್ಕ. ಇದೊಂದು ಮಾತ್ರ ಪಟ್ಟಿಯಲ್ಲಿ ಹೇಳಿದ ಜಾಗದಲ್ಲಿ, ಹೇಳಿದ ಹಾಗೆಯೇ ಸಿಕ್ಕಿತು. ಹೆದ್ದಾರಿಯ ಮೇಲ್ಸೇತುವೆ ಬಂದ ಮೇಲೆ ಕಲ್ಲಡ್ಕ ಕೆಳಗೆ ಉಳಿದುಬಿಟ್ಟಿದೆ. ಬೆಂಗಳೂರಿನ ಬಸ್ಸುಗಳು ತಲೆಯ ಮೇಲಿಂದ ಹೋಗುತ್ತವೆ. ಕೆ.ಟಿ. ಬೇಕಾದವ ಇಳಿದು ಬರಬೇಕು. ಕೆ.ಟಿ. ಎಂದರೆ ಕಲ್ಲಡ್ಕ ಟೀ, ಅಷ್ಟೇ. ಲಕ್ಷ್ಮೀ ನಿವಾಸ ಹೊಟೇಲಿನಲ್ಲಿ ಇದು ಶುರುವಾಗಿ ಎಪ್ಪತ್ತು ವರ್ಷಗಳ ಮೇಲಾಯಿತು. ಗಾಜಿನ ಗ್ಲಾಸಿನ ಅಡಿಯಲ್ಲಿ ಬೆಳ್ಳಗೆ ದಪ್ಪ ಹಾಲು, ಮೇಲೆ ಕಂದು ಬಣ್ಣದ ಚಾ, ಎರಡರ ನಡುವೆ ಗೆರೆ ಎಳೆದ ಹಾಗೆ ಗಡಿ. ತುಳುನಾಡಿನ ಪೇಟೆಗಳಲ್ಲೆಲ್ಲ ಈಗ "ಇಲ್ಲಿ ಕೆ.ಟಿ. ಸಿಗುತ್ತದೆ" ಎಂಬ ಬೋರ್ಡು ಕಾಣುತ್ತದೆ. ಬೋರ್ಡು ಇರುವಷ್ಟು ಕಡೆ ಗೆರೆ ಇರುವುದಿಲ್ಲ.

ಉದ್ದಣ್ಣ, ನಮ್ಮ ಅಳಿಯ ಇಬ್ಬರೂ ಇರುವುದು ಫೆಲ್ಡ್‌ಹೋವನ್‌ನಲ್ಲಿ ಚಿಪ್ ತಯಾರಿಸುವ ಯಂತ್ರಗಳ ಕಂಪನಿಯಲ್ಲಿ. ಕಣ್ಣಿಗೆ ಕಾಣದಷ್ಟು ತೆಳುವಾದ ಪದರದ ಮೇಲೆ ಪದರ, ಒಂದು ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಅದಕ್ಕೆ ಮನೆಯಷ್ಟು ದೊಡ್ಡ ಯಂತ್ರ, ಧೂಳಿಲ್ಲದ ಕೋಣೆ. ಇಲ್ಲಿ ಅಂಗಿಯ ತೋಳು ಮಡಚಿದ ಮನುಷ್ಯನೊಬ್ಬ ನಿಂತಲ್ಲೇ ಒಂದರ ಮೇಲೆ ಒಂದು ಪದರ ಇಳಿಸುತ್ತಿದ್ದಾನೆ. ಉದ್ದಣ್ಣ ಎದ್ದು ಹೋಗಿ ಬದಿಯಲ್ಲಿ ನಿಂತು ನೋಡಿದ. ಸಕ್ಕರೆ ಕರಗಿದ ಹಾಲು ಭಾರ, ಸಕ್ಕರೆ ಇಲ್ಲದ ಡಿಕಾಕ್ಷನ್ ಹಗುರ. ನಿಧಾನಕ್ಕೆ ಬಿಟ್ಟರೆ ತೇಲುತ್ತದೆ, ಅವಸರ ಮಾಡಿದರೆ ಬೆರೆಯುತ್ತದೆ ಎಂದು ವಾಪಸು ಬಂದು ನಮಗೆ ಪಾಠ ಮಾಡಿದ. ಇಷ್ಟು ವರ್ಷ ಕುಡಿದ ನಾನು ಆ ಭಾರ ಹಗುರದ ಬಗ್ಗೆ ಯೋಚಿಸಿದವನಲ್ಲ. ನಾನು ಯೋಚಿಸಿದ್ದು ಕಲಕಬೇಕೋ ಕಲಕಬಾರದೋ ಎಂಬುದರ ಬಗ್ಗೆ ಮಾತ್ರ. ಕಲಕದೆ ಕುಡಿದರೆ ಮೊದಲು ಕಹಿ, ಕೊನೆಗೆ ಪಾಯಸ. ಕಲಕಿದರೆ ಮಾಮೂಲಿ ಚಾ; ಆದರೆ ಅಷ್ಟು ಚಂದದ ಗೆರೆಯನ್ನು ಕೈಯಾರೆ ಅಳಿಸಿದ ಪಾಪ ಉಂಟು. ನಾನು ಅರ್ಧ ಕುಡಿದು ಕಲಕುವವ. ಇಂಥವರನ್ನು ಎರಡೂ ಪಕ್ಷದವರು ಸೇರಿಸುವುದಿಲ್ಲ.

ಅಲ್ಲಿಗೆ ಪಟ್ಟಿಯ ಗ್ರಹಗತಿ ಕೆಟ್ಟಿತು. ಮೂಡೆ ಎಲ್ಲಿ ಸಿಗುತ್ತದೆ ಎಂದ ಅಳಿಯ. ಮೂಡೆ ಎಂದರೆ ಮುಂಡೇವಿನ ಎಲೆಯದ್ದು, ಕೇದಗೆಯ ಜಾತಿ. ಅಂಚಿನ ಮುಳ್ಳು ತೆಗೆದು, ಬೆಂಕಿಯಲ್ಲಿ ಬಾಡಿಸಿ, ಸುರುಳಿ ಸುತ್ತಿ ಕೊಳವೆ ಮಾಡಿ, ಅದರೊಳಗೆ ಅಕ್ಕಿ ಉದ್ದಿನ ಹಿಟ್ಟು ಹೊಯ್ದು ಬೇಯಿಸುವುದು. ಅದೇ ಹಿಟ್ಟನ್ನು ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದರೆ ಕೊಟ್ಟೆ ಕಡುಬು, ತಟ್ಟೆಯಲ್ಲಿ ಬೇಯಿಸಿದರೆ ಇಡ್ಲಿ. ಹಿಟ್ಟು ಒಂದೇ, ರುಚಿ ಮೂರು, ಎಲೆಯೇ ಅಡಿಗೆಯವಳು. ಅಷ್ಟಮಿಯ ಮುನ್ನಾದಿನ ಮೂಡುಬಿದಿರೆಯ ಪೇಟೆಗೆ ಹೋದರೆ ಹೆಣೆದ ಖಾಲಿ ಮೂಡೆಗಳನ್ನು ಕಟ್ಟು ಕಟ್ಟಾಗಿ ಮಾರುತ್ತಿರುತ್ತಾರೆ, ಅಷ್ಟಮಿಯ ಮರುದಿನ ಅದೇ ಪೇಟೆಯಲ್ಲಿ ಮೊಸರು ಕುಡಿಕೆಯ ಗೌಜಿ. ಆದರೆ ಈಗ ಜುಲೈ.

ಬಚ್ಚಂಗಾಯಿ? ಪೊಳಲಿಯಲ್ಲಿ ಅದು ಮಾರ್ಚ್, ಏಪ್ರಿಲ್ ತಿಂಗಳ ಮಾತು. ರಾಜರಾಜೇಶ್ವರಿಯ ಒಂದು ತಿಂಗಳ ಜಾತ್ರೆ, ಅದರ ಕೊನೆಯಲ್ಲಿ ಚೆಂಡು. ಚರ್ಮದ ಚೆಂಡಿಗೆ ಊರೆಲ್ಲ ಸೇರಿ ಮುಗಿಬಿದ್ದ ಮೇಲೆ, ಬೆವರಿ ಬಸವಳಿದು ಹೊರಗೆ ಬಂದರೆ ಗದ್ದೆಯ ತುಂಬ ಕಲ್ಲಂಗಡಿಯ ರಾಶಿ. ಪ್ರಸಾದದ ಜತೆ ಒಂದು ಬಚ್ಚಂಗಾಯಿ ಹೊತ್ತು ಮನೆಗೆ ಬರದಿದ್ದರೆ ಪೊಳಲಿಗೆ ಹೋದದ್ದು ಲೆಕ್ಕಕ್ಕಿಲ್ಲ. ಅದೇ ಹಣ್ಣು ಬಿ.ಸಿ.ರೋಡಿನಲ್ಲಿ ವರ್ಷವಿಡೀ ಸಿಗುತ್ತದೆ, ಆದರೆ ಅದು ಬರೀ ಕಲ್ಲಂಗಡಿ.

ಹಲಸಿನ ಗಟ್ಟಿಗೆ ಹಣ್ಣು ಜೂನ್‌ನಲ್ಲೇ ಮುಗಿದಿತ್ತು. ಇದನ್ನು ನೆನೆದರೆ ನನಗೇ ಸಂಕಟ. ಹಣ್ಣು, ಅಕ್ಕಿ, ಬೆಲ್ಲ ಅರೆದು ಸಾಗುವಾನಿ ಎಲೆಯಲ್ಲಿ ಕಟ್ಟಿ ಬೇಯಿಸಿದರೆ ಆ ಎಲೆಯ ಕೆಂಪು ಬಣ್ಣವೆಲ್ಲ ಗಟ್ಟಿಗೆ ಇಳಿದು, ಬಿಡಿಸುವಾಗ ಬೆರಳಿಗೂ ಅಂಟಿಕೊಳ್ಳುತ್ತದೆ. ಕಂಬಳವಂತೂ ನವೆಂಬರ್ ಬರದೆ ಇಲ್ಲ. ಹೊಕ್ಕಾಡಿಗೋಳಿಯಲ್ಲಾಗಲಿ, ವೇಣೂರಿನಲ್ಲಾಗಲಿ, ಮೂಡುಬಿದಿರೆಯ ಕಡಲಕೆರೆಯಲ್ಲಾಗಲಿ, ನಡುರಾತ್ರಿ ಎರಡು ಗಂಟೆಗೆ ಕೋಣಗಳು ಕೆಸರು ಎರಚಿಕೊಂಡು ಓಡುವಾಗ, ಚಳಿಗೆ ಮಂಡೆಗೆ ಬೈರಾಸು ಸುತ್ತಿಕೊಂಡು, ಹೊಗೆಯ ನಡುವೆ ತಿನ್ನುವ ಕೋಳಿ ಸುಕ್ಕ ಅದು. ಹಗಲಿನಲ್ಲಿ ಅದೇ ಸುಕ್ಕ ತಿಂದರೆ ಉಪ್ಪು ಜಾಸ್ತಿ ಅನ್ನಿಸಬಹುದು.

ಪಟ್ಟಿಯಲ್ಲಿ ಇಲ್ಲದ ಕ್ರಿಸ್‌ಮಸ್‌ನ ಕುಸ್ವಾರ್, ಲೊರೆಟ್ಟೊ ಬದಿಯ ಪರಿಚಯದವರ ಮನೆಯಿಂದ ತಟ್ಟೆಯಲ್ಲಿ ಬರುವ ನೆವ್ರಿ, ಕಿಡಿಯೊ, ಅದಕ್ಕೂ ಡಿಸೆಂಬರ್ ಆಗಬೇಕು. ಪಾಣೆಮಂಗಳೂರಿನ ಬದಿಯ ಸಮೋಸದ ರಾಶಿಗೆ ರಂಜಾನ್ ತಿಂಗಳ ಸಂಜೆ ಬೇಕು. ಅಳಿಯ ಸಿಟ್ಟಿನಿಂದ ಕೇಳಿದ: "ಮಾವ, ನಿಮ್ಮದು ತಿಂಡಿಯ ಪಟ್ಟಿಯಾ, ಪಂಚಾಂಗವಾ?"

ಉದ್ದಣ್ಣ ಬಂದದ್ದು ಆಟಿಯಲ್ಲಿ. ಆಟಿ ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು. ಹಿಂದೆ ಕಣಜದ ಅಕ್ಕಿ ತಳ ಕಾಣುತ್ತಿದ್ದ, ಕೆಲಸವಿಲ್ಲದ, ಹೊರಗೆ ಕಾಲಿಡಲಾಗದ ತಿಂಗಳು. ಕಾಡಿನಲ್ಲಿ, ತೋಟದ ಬದಿಯಲ್ಲಿ ಏನು ಚಿಗುರಿದೆಯೋ ಅದೇ ಊಟ: ಕಣಿಲೆ, ತಜಂಕಿನ ಸೊಪ್ಪು, ಕೆಸು. ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ಸೊಳೆ ಭರಣಿಯಿಂದ ಹೊರಗೆ ಬರುವುದೂ ಆಗಲೇ. ಇವತ್ತು ಆಟಿಗೆ ಮಾನ ಬಂದಿದೆ. "ಆಟಿಡೊಂಜಿ ದಿನ" ಎಂದು ಸಂಘ ಸಂಸ್ಥೆಗಳು ಹಾಲ್ ಬಾಡಿಗೆಗೆ ಹಿಡಿದು ಮೂವತ್ತು ನಲವತ್ತು ಬಗೆ ಮಾಡಿ ಸಾಲಾಗಿ ಇಡುತ್ತವೆ. ನಾನೂ ಹೋಗಿದ್ದೇನೆ, ತಟ್ಟೆ ತುಂಬಿಸಿದ್ದೇನೆ. ಹಸಿವೆಯ ತಿಂಗಳನ್ನು ಅಜೀರ್ಣ ಆಗುವ ಹಾಗೆ ಆಚರಿಸುವುದು ನಮಗೆ ಮಾತ್ರ ಸಾಧ್ಯ.

ಆ ವಾರದ ನಡುವೆಯೇ ಆಟಿ ಅಮಾವಾಸ್ಯೆ ಬಿತ್ತು. ಅವತ್ತು ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆ ತಂದು, ಅದರ ರಸ ಬರೀ ಹೊಟ್ಟೆಗೆ ಕುಡಿಯಬೇಕು. ತೊಗಟೆಯನ್ನು ಕತ್ತಿಯಲ್ಲಿ ಕೆತ್ತಬಾರದು, ಕಬ್ಬಿಣ ಮುಟ್ಟಿಸಬಾರದು, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಹಿಂದಿನವರು ಮೈಮೇಲೆ ಬಟ್ಟೆಯಿಲ್ಲದೆ ಹೋಗುತ್ತಿದ್ದರಂತೆ. ಉದ್ದಣ್ಣ ತಾನೂ ಬರುತ್ತೇನೆಂದು ಟಾರ್ಚು ಹಿಡಿದು ಹೊರಟ. ಈ ಕೊನೆಯ ಸಂಗತಿಯನ್ನು ನಾನು ಅವನಿಗೆ ಹೇಳಲಿಲ್ಲ. ಹಿಂದಿನ ದಿನವೇ ಮರಕ್ಕೆ ಬಳ್ಳಿ ಸುತ್ತಿ ಗುರುತು ಮಾಡಿಟ್ಟಿದ್ದೆ. ಇದು ಆಟದ ಮಾತಲ್ಲ. ಕತ್ತಲೆಯಲ್ಲಿ ಹಾಲೆಯೆಂದು ಕಾಸರಕನ ತೊಗಟೆ ತಂದರೆ ಕುಡಿದವರಿಗೆ ಬೆಳಗಾಗುವುದಿಲ್ಲ.

ಮನೆಯಲ್ಲಿ ಅಮ್ಮ ತೊಗಟೆಯನ್ನು ಓಮ, ಕಾಳುಮೆಣಸು, ಬೆಳ್ಳುಳ್ಳಿಯ ಜತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದಕ್ಕೆ ಇಳಿಬಿಟ್ಟಳು. ಚುಂಯ್ ಎಂದಿತು. ಎಲ್ಲರಿಗೂ ಅರ್ಧ ಲೋಟ. ಆ ಕಹಿಗೆ ಬೇರೆ ಹೋಲಿಕೆ ಇಲ್ಲ. ಉದ್ದಣ್ಣ ಒಂದೇ ಗುಟುಕಿಗೆ ಕುಡಿದು, ಕಣ್ಣು ಮುಚ್ಚಿ, ಬಹಳ ಹೊತ್ತಿನ ಮೇಲೆ ತೆರೆದ. ಆಮೇಲೆ ಕೋಣೆಗೆ ಹೋಗಿ ಒಂದು ಸಣ್ಣ ಪೊಟ್ಟಣ ತಂದು ಎಲ್ಲರ ಅಂಗೈಗೂ ಒಂದೊಂದು ಕರಿ ಮಾತ್ರೆ ಇಟ್ಟ. ಡ್ರಾಪ್ ಎಂಬ ಡಚ್ ಮಿಠಾಯಿಯಂತೆ. ನಾನು ಸಿಹಿಯೆಂದು ನಂಬಿ ಬಾಯಿಗೆ ಹಾಕಿದೆ. ಜ್ಯೇಷ್ಠಮಧು, ಉಪ್ಪು, ಜತೆಗೆ ನವಸಾಗರ. ನಮ್ಮಲ್ಲಿ ಕಲಾಯಿಯವರು ತಾಮ್ರದ ಪಾತ್ರೆ ಉಜ್ಜುವ ಅದೇ ನವಸಾಗರ. ಅದನ್ನು ಅಲ್ಲಿಯ ಮಕ್ಕಳು ಚೀಪುತ್ತವೆ ಎಂದು ಅಳಿಯ ಆಣೆ ಹಾಕಿ ಹೇಳಿದ. ಅಮ್ಮ ಮಾತ್ರ ಉಗಿಯಲಿಲ್ಲ. ಕೊನೆಯವರೆಗೆ ಚೀಪಿ, "ಕೆಮ್ಮಿಗೆ ಒಳ್ಳೆಯದು" ಎಂದಳು. ಆಮೇಲೆ ಎಲ್ಲರಿಗೂ ಮೆಂತೆ ಗಂಜಿ ಬಡಿಸಿದಳು, ಹೊಟ್ಟೆ ತಣ್ಣಗಾಗಲು.

ಅದೇ ದಿನ ಮಧ್ಯಾಹ್ನ ಪತ್ರೊಡೆ. ಪಟ್ಟಿಯಲ್ಲಿ ಇದನ್ನು ನಾನು ಬರೆದಿರಲಿಲ್ಲ, ಬೀದಿಯಲ್ಲಿ ಸಿಗುವುದಲ್ಲವೆಂದು. ಮರಗೆಸುವೇ ಬೇಕೆಂದು ಅಮ್ಮನ ಹಟ. ಮಳೆಗಾಲದಲ್ಲಿ ಮರದ ಕವಲಿನಲ್ಲಿ ಹುಟ್ಟುವ ಅದು ತುರಿಸುವುದು ಕಡಿಮೆ. ಅಕ್ಕಿ, ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಬೆಲ್ಲ, ಕೈಬಿಚ್ಚಿ ಹುಣಸೆಹುಳಿ. ಹುಳಿ ಕಮ್ಮಿಯಾದರೆ ತಿಂದವನ ಗಂಟಲು ಸಾಕ್ಷಿ ಹೇಳುತ್ತದೆ. ಎಲೆಯ ಬೆನ್ನಿಗೆ ಹಿಟ್ಟು ಸವರಿ, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು, ಮತ್ತೆ ಎಲೆ, ಕೊನೆಗೆ ಚಾಪೆಯ ಹಾಗೆ ಸುರುಳಿ. ಉದ್ದಣ್ಣ ನೆಲದ ಮೇಲೆ ಆ ಉದ್ದದ ಕಾಲು ಮಡಚಲಾಗದೆ ಮಡಚಿ ಕೂತು, ಅಮ್ಮನ ಎದುರು ಒಂದು ಸುರುಳಿ ಮಾಡಿದ. ಅವನ ಪದರಗಳು ಗೆರೆ ಹಿಡಿದ ಹಾಗೆ ಸಮ. ಅಮ್ಮ ಅದನ್ನು ಬೇರೆಯೇ ಇಟ್ಟು ಬೇಯಿಸಿ, ಕೊಯ್ದು, ಒಳಗಿನ ಸುಳಿಯನ್ನು ನಮಗೆಲ್ಲ ತೋರಿಸಿದಳು. ಮೂವತ್ತು ವರ್ಷದಿಂದ ಈ ಮನೆಯಲ್ಲಿ ಪತ್ರೊಡೆ ಮಾಡುತ್ತಿರುವ ನನ್ನ ಹೆಂಡತಿ ಅಡಿಗೆಮನೆಯಿಂದ ಹೊರಗೆ ಹೋದಳು.

ಆಮೇಲೆ ನಾವು ಪಟ್ಟಿಯ ಗೊಡವೆ ಬಿಟ್ಟು ಹೋದಲ್ಲಿ ಇದ್ದದ್ದನ್ನು ತಿಂದೆವು. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಹತ್ತಿರ ಸೌತಡ್ಕದ 'ಬಯಲು ಗಣಪ'ನಲ್ಲಿಗೆ ಹೋದೆವು. ಗೋಪಾಲಕರ ಮಕ್ಕಳು ಕಾಡಿನಲ್ಲಿ ಸಿಕ್ಕಿದ ಮೂರ್ತಿಗೆ ತಾವು ಬೆಳೆದ ಸೌತೆಕಾಯಿ ಇಟ್ಟು ಪೂಜಿಸಿದರು, ಅಡ್ಕ ಎಂದರೆ ಬಯಲು, ಹಾಗಾಗಿ ಸೌತಡ್ಕ ಎಂಬುದು ಐತಿಹ್ಯ. ಗರ್ಭಗುಡಿಯಿಲ್ಲ, ಮಾಡಿಲ್ಲ, ಗಣಪತಿ ಮಳೆಯಲ್ಲಿ ನೆನೆಯುತ್ತಾ ಕೂತಿದ್ದಾನೆ, ಸುತ್ತ ಹರಕೆಯ ಗಂಟೆಗಳು. ಅವಲಕ್ಕಿ ಪಂಚಕಜ್ಜಾಯ ಎಲೆಯಲ್ಲಿ ಕೈಗೆ ಬಂತು. ಅವಲಕ್ಕಿ, ಬೆಲ್ಲ, ತೆಂಗಿನಕಾಯಿ, ಎಳ್ಳು. ಒಂದು ದನ ಬಂದು ಉದ್ದಣ್ಣನ ಎಲೆಗೇ ಮೂತಿ ಹಾಕಿತು. ಬೀದಿ ತಿಂಡಿ ಬೇಕೆಂದು ಬಂದವನಿಗೆ ಇಷ್ಟು ಬಯಲಿನ ತಿಂಡಿ ಬೇರೆ ಎಲ್ಲಿ ಸಿಗಬೇಕು! ಧರ್ಮಸ್ಥಳದಲ್ಲಿ ಸಾವಿರಾರು ಜನರ ಸಾಲಿನಲ್ಲಿ ಕೂತು ಉಂಡೆವು. ಬಿಲ್ಲು ಎಲ್ಲಿ ಕೊಡಬೇಕೆಂದು ಅವನು ಹೊರಗೆ ಬಂದ ಮೇಲೂ ಹುಡುಕುತ್ತಿದ್ದ.

ಹಿಂದಿರುಗುವಾಗ ಬೆಳ್ತಂಗಡಿಯಲ್ಲಿ ಮಳೆ ಹಿಡಿಯಿತು. 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿದ ಗಡಾಯಿಕಲ್ಲು ಎದುರಿಗೇ ಇರಬೇಕಿತ್ತು, ಮೋಡ ಅದನ್ನು ನುಂಗಿ ಕೂತಿತ್ತು. ಬಸ್‌ಸ್ಟ್ಯಾಂಡಿನ ಬದಿಯ ಸಣ್ಣ ಹೊಟೇಲಿಗೆ ನುಗ್ಗಿದೆವು. ನನಗೆ ಮೊದಲು ಗೊತ್ತಾದದ್ದು ಸದ್ದು. ಹಸಿ ಹಿಟ್ಟು ಬಿಸಿ ಎಣ್ಣೆಗೆ ಬೀಳುವ ಸದ್ದಿಗೂ ಜೋರು ಮಳೆ ಹೆಂಚಿಗೆ ಬೀಳುವ ಸದ್ದಿಗೂ ಇರುವ ಸಂಬಂಧ ನಾಲ್ಕು ಗಂಟೆಗೆ ಮಾತ್ರ ಅರ್ಥವಾಗುತ್ತದೆ. ಒಲೆಯೆದುರಿನ ಮನುಷ್ಯ ಹುಳಿ ಮಜ್ಜಿಗೆಯಲ್ಲಿ ಕಲಸಿದ ಮೈದಾವನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳಿನ ಸಂದಿಯಿಂದ ಹಿಂಡಿ ಬಿಡುತ್ತಿದ್ದ. ಒಂದೊಂದೂ ಮುಳುಗಿ, ಎದ್ದು, ತಾನಾಗಿ ಮಗುಚಿಕೊಳ್ಳುತ್ತಿತ್ತು. ಮೈದಾದ್ದಾದ್ದರಿಂದ ಇದು ಅಜ್ಜಿಯ ಅಜ್ಜಿಯ ಕಾಲದ ತಿಂಡಿ ಇರಲಾರದು, ಹೊಟೇಲುಗಳ ಜತೆಗೇ ಹುಟ್ಟಿದ್ದೆಂದು ನನ್ನ ಅನುಮಾನ. ಇರಲಿ, ನಾಲ್ಕು ಗಂಟೆಗೆ ವಂಶಾವಳಿ ಕೇಳಬಾರದು.

"ಏನು ಹೇಳಬೇಕು?" ಎಂದ ಉದ್ದಣ್ಣ ಅಳಿಯನ ಕಡೆ ತಿರುಗಿ. ಬಿಸಿ ಉಂಟಾ ಎಂದು ತುಳುವಿನಲ್ಲಿ ಕೇಳುವುದನ್ನು ಅಳಿಯ ಕಲಿಸಿಕೊಟ್ಟ. ಉದ್ದಣ್ಣ ಮಾಣಿಯನ್ನು ಕರೆದು ಸ್ಪಷ್ಟವಾಗಿ ಕೇಳಿದ: "ಬೆಚ್ಚ ಉಂಡಾ?"

ಹೊಟೇಲಿನಲ್ಲಿ ಒಂದು ಗಳಿಗೆ ಮಾತು ನಿಂತಿತು. ಮಾಣಿ "ಉಂಡು, ಉಂಡು" ಎಂದು ಓಡಿದ. ನಮಗೆ ಬಂದ ತಟ್ಟೆಯಲ್ಲಿ ಲೆಕ್ಕಕ್ಕಿಂತ ಎರಡು ಜಾಸ್ತಿ ಇದ್ದವು.

ಮೊದಲನೆಯದನ್ನು ಮುರಿದು ಒಳಗಿನ ಜಾಲರಿಯನ್ನು ನೋಡಿ ಉದ್ದಣ್ಣ ಸುಮ್ಮನಾದ. ಎರಡು ತಿಂದ ಮೇಲೆ ಹೇಳಿದ. ಅವನ ಊರಿನಲ್ಲೂ ಇಂಥದ್ದು ಉಂಟಂತೆ, ಓಲಿಬೊಲ್ಲೆನ್. ಆ ಪದದ ಅರ್ಥವೇ ಎಣ್ಣೆಯ ಉಂಡೆ. ಗೋಳಿಯ ಗಾತ್ರಕ್ಕಿಂತ ದೊಡ್ಡದು, ಒಳಗೆ ಒಣದ್ರಾಕ್ಷಿ, ಮೇಲೆ ಸಕ್ಕರೆ ಪುಡಿ. ಅಳಿಯನ ಪಟ್ಟಿಯಲ್ಲಿ ಅದನ್ನು ಬರೆಯಲಿಲ್ಲ ಏಕೆ ಎಂದು ಕೇಳಿದೆ. "ಅವನು ಬಂದದ್ದು ಬೇಸಿಗೆಯಲ್ಲಿ" ಎಂದ. ಓಲಿಬೊಲ್ಲೆನ್ ವರ್ಷದ ಕೊನೆಯದ್ದು, ಡಿಸೆಂಬರ್ 31ರ ರಾತ್ರಿಗೆ. ಹೊಸ ಹೆರಿಂಗ್ ಜೂನ್‌ನಲ್ಲಿ ಬರುವವರೆಗೆ ಕಾಯಬೇಕು. ಚಮಚ ನೆಟ್ಟಗೆ ನಿಲ್ಲುವಷ್ಟು ದಪ್ಪದ ಬಟಾಣಿ ಸೂಪು ಚಳಿಗಾಲಕ್ಕೆ. ಮಗು ಹುಟ್ಟಿದ ಮನೆಯಲ್ಲಿ ರಸ್ಕಿನ ಮೇಲೆ ಬಣ್ಣದ ಸೋಂಪಿನ ಕಾಳು. ಅಳಿಯ ಬಾಯಿ ತೆರೆದು ಕೇಳುತ್ತಿದ್ದ. ಎಷ್ಟೋ ವರ್ಷ ಅಲ್ಲಿದ್ದವನಿಗೆ ಇದೆಲ್ಲ ಕಂಡಿರಲಿಲ್ಲವೋ, ಕಂಡರೂ ಲೆಕ್ಕ ಹತ್ತಿರಲಿಲ್ಲವೋ. "ನಿನ್ನದೂ ಪಂಚಾಂಗವೇ" ಎಂದೆ. ಹದಿನೇಳನೇ ಶತಮಾನದಲ್ಲಿ ಇವನ ಪೂರ್ವಿಕರು ಬಸರೂರಿನಲ್ಲಿ ಕೋಠಿ ಹಾಕಿ ನಮ್ಮ ಅಕ್ಕಿ, ಮೆಣಸು ಹಡಗಿಗೆ ತುಂಬಿಸಿದ್ದರು. ಮೂಟೆ ಎತ್ತಿದರೇ ಹೊರತು ನಾಲ್ಕು ಗಂಟೆಗೆ ಕೂತು ಚಾ ಕುಡಿಯಲಿಲ್ಲ ಕಾಣಬೇಕು.

ಕೊನೆಯ ದಿನ ಮೂಡುಬಿದಿರೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ. ಉದ್ದಣ್ಣ ಅದನ್ನು ಪರೀಕ್ಷಿಸಲು ಹೊರಟು ಅರ್ಧದಲ್ಲಿ ಸೋತ. ಪೇಟೆಯಲ್ಲಿ ಒಬ್ಬ ಜೈನ ಮಿತ್ರರ ಮನೆಗೆ ಊಟಕ್ಕೆ ಹೇಳಿಕೆ ಇತ್ತು. ರಾತ್ರಿ ಊಟವೆಂದು ನಾನು ತಿಳಿದಿದ್ದೆ. ಐದೂವರೆಗೆ ಫೋನ್ ಬಂತು: ಎಲ್ಲಿದ್ದೀರಿ? ಸೂರ್ಯ ಮುಳುಗುವ ಮೊದಲು ಉಣ್ಣುವ ಮನೆ ಅದು. ಇಷ್ಟು ವರ್ಷದ ಸ್ನೇಹದಲ್ಲಿ ನನಗೆ ಗೊತ್ತಿರಬೇಕಿತ್ತು. ಓಡಿದೆವು. ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ, ನೆಲದಡಿಯ ಗಡ್ಡೆ ಯಾವುದೂ ಇಲ್ಲ. ಇಲ್ಲದಿರುವುದು ಕಡೆಯ ತುತ್ತಿನವರೆಗೂ ತಿಳಿಯಲಿಲ್ಲ.

ಎಂಟು ಗಂಟೆಗೆ ಮತ್ತೆ ಹಸಿವೆ. ಬಸ್‌ಸ್ಟ್ಯಾಂಡಿನ ಹತ್ತಿರ ತಳ್ಳುಗಾಡಿ, ಗ್ಯಾಸ್‌ಲೈಟು, ಚರುಂಬುರಿ. ಮಂಡಕ್ಕಿ, ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಮೆಣಸಿನ ಪುಡಿ, ಮೇಲಿನಿಂದ ಒಂದು ಸುತ್ತು ಹಸಿ ತೆಂಗಿನೆಣ್ಣೆ. ಆ ತೆಂಗಿನೆಣ್ಣೆ ಇಲ್ಲದಿದ್ದರೆ ಅದು ಘಟ್ಟದ ಮೇಲಿನ ಚುರುಮುರಿ. ಕಾಗದದ ಕೊಟ್ಟೆ, ಚಮಚಕ್ಕೆ ಒಂದು ರಟ್ಟಿನ ತುಂಡು. ಮಳೆ ಬಿಟ್ಟಿತ್ತು. ಮೂವರೂ ರಸ್ತೆಯಲ್ಲೇ ನಿಂತು ತಿಂದೆವು. ಅಳಿಯ ಮೊಬೈಲಿನಲ್ಲಿ ಚಿತ್ರ ತೆಗೆದು, "ಮಾವ, ಒಂದಾದರೂ ಬೀದಿಯಲ್ಲಿ ಆಯಿತಲ್ಲ" ಎಂದ. ನಾನು ಜೇಬಿನಲ್ಲಿದ್ದ ಪಟ್ಟಿ ತೆಗೆದು ನೋಡಿದೆ. ನೆನೆದು ಅಕ್ಷರವೆಲ್ಲ ಅಳಿಸಿತ್ತು.

ಡಿಸೆಂಬರ್ 31ಕ್ಕೆ ಫೋನ್ ಬಂತು. ಹಿಂದೆ ಗಾಳಿಯ ಸದ್ದು, ಜನರ ಸದ್ದು. ಓಲಿಬೊಲ್ಲೆನ್ ಗಾಡಿಯ ಮುಂದೆ ಉದ್ದ ಕ್ಯೂ, ಚಳಿಗೆ ಕಿವಿ ಬಿದ್ದುಹೋಗುವ ಹಾಗಿದೆ ಎಂದು ಅಳಿಯ ಹೇಳುತ್ತಿರುವಾಗಲೇ ಯಾರೋ ಫೋನ್ ಕಸಿದುಕೊಂಡರು.

"ಬೆಚ್ಚ ಉಂಡಾ?"

ಗೋಡೆಯ ಗಡಿಯಾರ ನೋಡಿದೆ. ಅಲ್ಲಿ ಹನ್ನೊಂದೂಕಾಲು, ಇಲ್ಲಿ ಮೂರೂಮುಕ್ಕಾಲು. ಪೇಟೆಗೆ ಹತ್ತು ನಿಮಿಷದ ದಾರಿ. "ಒಂಚೂರು ನಿಲ್ಲು, ನೋಡಿ ಹೇಳುತ್ತೇನೆ" ಎಂದು ಚಪ್ಪಲಿ ಹುಡುಕಿದೆ.